ಹಿಮದೂರಿನಲ್ಲಿ ಬಾಡಿಗೆ ಕೋಣೆ

ಸ್ಕೀಯಿಂಗ್ ಕಲಿಯಬೇಕೆಂದು ಹಟ ಹಿಡಿದ ಹುಡುಗ ಹುಡುಗಿಯರು ಮನೆಯಲ್ಲಿ ಒಪ್ಪಿಸುವ ಖರ್ಚಿನ ಪಟ್ಟಿ ಸಾಮಾನ್ಯವಾಗಿ ಒಂದೇ ಬಗೆಯದು. ರೈಲಿನ ಟಿಕೆಟ್ಟು, ದಪ್ಪನೆಯ ಜಾಕೆಟ್ಟು, ಕೈಗವಸು, ಕಪ್ಪು ಕನ್ನಡಕ, ಸ್ಕೀ ಹಲಗೆಗಳ ಬಾಡಿಗೆ. ಪಟ್ಟಿ ನೋಡಿದ ಅಪ್ಪ ‘ಇಷ್ಟೇ ತಾನೆ?’ ಎಂದು ಒಪ್ಪಿಬಿಡುವುದೂ ಉಂಟು. ಅದರಲ್ಲಿ ಬರೆಯದೆ ಬಿಟ್ಟ ಬಾಬತ್ತು ಕೊನೆಗೆ ಉಳಿದೆಲ್ಲವನ್ನೂ ಮೀರಿಸುತ್ತದೆ. ಅದು ರಾತ್ರಿ ಮಲಗುವ ಜಾಗ.

ನಾಲ್ಕು ದಿನ ಹಿಮ ನೋಡಿ, ಫೋಟೊ ತೆಗೆಸಿಕೊಂಡು ಬರುವವರಿಗೆ ಇದು ದೊಡ್ಡ ಸಂಗತಿಯಲ್ಲ. ಆದರೆ ಸ್ಕೀಯಿಂಗ್ ನಾಲ್ಕು ದಿನದ ವಿದ್ಯೆಯಲ್ಲ. ಮೊದಲ ವಾರ ಬೀಳುವುದರಲ್ಲೇ ಕಳೆಯುತ್ತದೆ. ಎರಡನೆಯ ವಾರ ನಿಲ್ಲುವುದು ಬರುತ್ತದೆ. ಬೇಕೆಂದ ಕಡೆ ತಿರುಗುವುದು, ಇಳಿಜಾರಿನಲ್ಲಿ ವೇಗವನ್ನು ಹಿಡಿತಕ್ಕೆ ತರುವುದು ಅದರ ನಂತರದ ಮಾತು. ವಿದ್ಯೆ ಕೈಗೆ, ಅಲ್ಲ, ಕಾಲಿಗೆ ಹತ್ತಬೇಕಾದರೆ ತಿಂಗಳಾದರೂ ಬೇಕು. ಕೋಣೆಗೆ ದಿನವೊಂದಕ್ಕೆ ಸಾವಿರ ರೂಪಾಯಿ ಹೆಚ್ಚು ತೆತ್ತರೆ ತಿಂಗಳಿಗೆ 30 ಸಾವಿರ ಕರಗಿತು. ಅಷ್ಟು ಹಣದಲ್ಲಿ ಬೆಂಗಳೂರಿನಿಂದ ಹೋಗಿಬರುವ ಖರ್ಚು ಕಳೆದೂ ಇನ್ನಷ್ಟು ಮಿಗುತ್ತದೆ.

ಹಿಮವೇ ಬೀಳದ ಕರ್ನಾಟಕದವರಿಗೆ ಈ ಆಟ ಏಕೆ ಎಂದು ಕೇಳುವವರಿಗೆ ಕೊಡಗು ಉತ್ತರ ಕೊಟ್ಟಾಗಿದೆ. ಅಲ್ಲಿನ ಭವಾನಿ ತೆಕ್ಕಡ ನಂಜುಂಡ ಹಿಮದ ಬಯಲಿನಲ್ಲಿ ದೂರದೂರ ಸಾಗುವ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. ಆಸೆಯೇನೋ ನ್ಯಾಯವಾದದ್ದೇ. ತೊಡಕು ಇರುವುದು ಜೇಬಿನಲ್ಲಿ.

ಭಾರತದಲ್ಲಿ ಸ್ಕೀಯಿಂಗ್ ಎಂದರೆ ಮೊದಲು ನೆನಪಾಗುವುದು ಕಾಶ್ಮೀರದ ಗುಲ್‌ಮಾರ್ಗ್. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಇದನ್ನು ಊರು ಎನ್ನುವುದಕ್ಕಿಂತ ಹುಲ್ಲುಗಾವಲು ಎನ್ನುವುದೇ ಸರಿ. ಬ್ರಿಟಿಷ್ ಸೇನಾಧಿಕಾರಿಗಳು 1927ರಲ್ಲಿ ಇಲ್ಲಿ ಸ್ಕೀ ಕ್ಲಬ್ ಕಟ್ಟಿದರು. ಗೊಂಡೋಲಾ ಎಂದು ಕರೆಯುವ ತೂಗುಪೆಟ್ಟಿಗೆಯ ಮಾರ್ಗ 1998ರಲ್ಲಿ ಕೊಂಗ್ದೂರಿಯವರೆಗೆ ಬಂತು, 2005ರಲ್ಲಿ ಅಫರ್ವತ್ ಶಿಖರದ ಹತ್ತಿರದವರೆಗೆ ಏರಿತು. ಅಲ್ಲಿಂದೀಚೆಗೆ ಯುರೋಪಿನ ಸ್ಕೀಗಾರರೂ ಬರತೊಡಗಿದರು. ಬೇಡಿಕೆ ಏರಿತು, ಜಾಗ ಮಾತ್ರ ಅಷ್ಟೇ ಉಳಿಯಿತು. ಬಟ್ಟಲಿನಂಥ ಆ ಬಯಲಿನಲ್ಲಿ ಇರುವುದು ಹೋಟೆಲು, ಸರ್ಕಾರಿ ಕುಟೀರ, ಸೇನೆಯ ನೆಲೆ. ಮೂರು ಮನೆ ದಾಟಿ ನಾಲ್ಕನೆಯದರಲ್ಲಿ ‘ಕೋಣೆ ಬಾಡಿಗೆಗಿದೆ’ ಎಂಬ ಬೋರ್ಡು ಹುಡುಕೋಣವೆಂದರೆ ಬೀದಿಯೇ ಇಲ್ಲ. ಹೋಟೆಲಿನಲ್ಲಿ ಕೆಲಸ ಮಾಡುವವರು, ಸ್ಲೆಡ್ಜ್ ಎಳೆಯುವವರು ಕೆಳಗಿನ ಹಳ್ಳಿಗಳಿಂದ ಬೆಳಿಗ್ಗೆ ಹತ್ತಿ ಸಂಜೆ ಇಳಿಯುತ್ತಾರೆ. ವಿದ್ಯಾರ್ಥಿಗೆ ದಾರಿ ತೋರಿಸುವವರೂ ಇವರೇ. ಅವರು ಎಲ್ಲಿ ಮಲಗುತ್ತಾರೋ ಅಲ್ಲೇ ಅಗ್ಗದ ಕೋಣೆಯೂ ಇರುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಮೊದಲ ಎರಡು ವಾರಕ್ಕೆ ಕೋಣೆ ಹುಡುಕುವ ಕೆಲಸವನ್ನೇ ತಪ್ಪಿಸಿಕೊಳ್ಳಬಹುದು. ಗುಲ್‌ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ. ಪಹಲ್ಗಾಮ್‌ನಲ್ಲಿ ಜವಾಹರ್ ಪರ್ವತಾರೋಹಣ ಮತ್ತು ಚಳಿಗಾಲದ ಕ್ರೀಡಾ ಸಂಸ್ಥೆ, ಮನಾಲಿಯಲ್ಲಿ 1961ರಲ್ಲಿ ಆರಂಭವಾದ, ಈಗ ಅಟಲ್ ಬಿಹಾರಿ ವಾಜಪೇಯಿ ಹೆಸರಿನಲ್ಲಿರುವ ಪರ್ವತಾರೋಹಣ ಸಂಸ್ಥೆ ಇವೆ. ಇವು ನಡೆಸುವ ಸುಮಾರು ಎರಡು ವಾರದ ಕೋರ್ಸುಗಳ ಶುಲ್ಕದಲ್ಲಿ ತರಬೇತಿಯ ಜೊತೆಗೆ ವಸತಿ, ಊಟ, ಸ್ಕೀ ಹಲಗೆ, ಬೂಟು ಎಲ್ಲವೂ ಸೇರಿರುತ್ತವೆ. ಖಾಸಗಿಯಾಗಿ ಕೋಣೆ ಹಿಡಿದು, ಹಲಗೆ ಬಾಡಿಗೆಗೆ ಪಡೆದು, ದಿನಗೂಲಿಯಂತೆ ಶಿಕ್ಷಕನನ್ನು ಗೊತ್ತುಮಾಡಿಕೊಂಡರೆ ಆಗುವ ಖರ್ಚನ್ನು ಒಂದು ಕಾಗದದ ಮೇಲೆ ಕೂಡಿ ನೋಡಿದರೆ, ಈ ಸಂಸ್ಥೆಗಳಿಗೆ ಅಷ್ಟೊಂದು ಅರ್ಜಿಗಳು ಏಕೆ ಬರುತ್ತವೆಂಬುದು ತಿಳಿಯುತ್ತದೆ. ಸೀಟು ಕಡಿಮೆ. ವೈದ್ಯಕೀಯ ಪ್ರಮಾಣಪತ್ರ ಬೇಕು. ಕೋಣೆ ಹಂಚಿಕೊಳ್ಳಬೇಕು, ಗಂಟೆ ಹೊಡೆದಾಗ ಏಳಬೇಕು, ಬಡಿಸಿದ್ದನ್ನು ಉಣ್ಣಬೇಕು. ಹಾಸ್ಟೆಲಿನಲ್ಲಿ ಬೆಳೆದ ಮಕ್ಕಳಿಗೆ ಇದು ಹೊಸದೇನಲ್ಲ.

ಇನ್ನೊಂದು ಲಾಭವೂ ಇದೆ. ಎರಡು ವಾರ ಅಲ್ಲಿದ್ದವರಿಗೆ ಊರಿನ ಮುಖಪರಿಚಯವಾಗುತ್ತದೆ. ಯಾರ ಮನೆಯಲ್ಲಿ ಕೋಣೆ ಖಾಲಿ ಇದೆ, ಯಾವ ಮನೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ ಎಂಬುದು ಶಿಕ್ಷಕರಿಗೂ ಅಡುಗೆಯವರಿಗೂ ಗೊತ್ತು. ಬೆಂಗಳೂರಿನಲ್ಲಿ ಕುಳಿತು ಬಣ್ಣದ ಫೋಟೊ ನೋಡಿ ತಿಂಗಳ ಮುಂಗಡ ಕಳಿಸುವುದಕ್ಕಿಂತ, ಕೋರ್ಸಿನ ಕೊನೆಯ ವಾರದಲ್ಲಿ ಸ್ವತಃ ಹೋಗಿ ನೋಡಿ ಗೊತ್ತುಮಾಡುವುದು ಎಷ್ಟೋ ವಾಸಿ.

ಹಾಗೆ ಹುಡುಕುವವರು ಬಂದು ಸೇರುವುದು ತಂಗ್‌ಮಾರ್ಗ್‌ಗೆ. ಗುಲ್‌ಮಾರ್ಗ್‌ನಿಂದ 13 ಕಿಲೋಮೀಟರ್ ಕೆಳಗಿರುವ ಇದು ನಿಜವಾದ ಊರು. ಅಂಗಡಿ, ಔಷಧಿ, ಮಸೀದಿ, ಶಾಲೆ, ಸಂಸಾರವಂದಿಗರ ಮನೆಗಳು ಎಲ್ಲವೂ ಇವೆ. ಇಲ್ಲಿ ಅತಿಥಿಗೃಹಗಳಲ್ಲೂ ಮನೆಗಳಲ್ಲೂ ಕೋಣೆ ಸಿಗುತ್ತದೆ. ದಿನದ ದರವನ್ನು 30ರಿಂದ ಗುಣಿಸಿ ಹೇಳುವ ಮಾಲೀಕನೊಡನೆ ಚೌಕಾಸಿ ಮಾಡಲು ಸಂಕೋಚಪಡಬೇಕಾಗಿಲ್ಲ. ವಾರಾಂತ್ಯದಲ್ಲಿ ಬಂದು ಹೋಗುವವರನ್ನು ಕಾಯುವುದಕ್ಕಿಂತ ತಿಂಗಳು ಪೂರ್ತಿ ಇರುವ ಬಾಡಿಗೆದಾರ ಅವನಿಗೂ ಲಾಭವೇ. ಕ್ರಿಸ್‌ಮಸ್ ಮತ್ತು ಹೊಸವರ್ಷದ ವಾರ ಮಾತ್ರ ಈ ಮಾತು ನಡೆಯದು; ಆಗ ಇಡೀ ಉತ್ತರ ಭಾರತ ಅಲ್ಲಿರುತ್ತದೆ. ಜನವರಿ ನಡುವಿನಿಂದ ಫೆಬ್ರುವರಿ ಕೊನೆಯವರೆಗಿನ ಅವಧಿ ಹಿಮಕ್ಕೂ ಒಳ್ಳೆಯದು, ಮಾತುಕತೆಗೂ ಒಳ್ಳೆಯದು.

ಆದರೆ ಅಗ್ಗದ ಕೋಣೆಯ ಲೆಕ್ಕವನ್ನು ಕೋಣೆಯ ಬಾಗಿಲಲ್ಲೇ ಮುಗಿಸಬಾರದು. ದಿನವೂ 13 ಕಿಲೋಮೀಟರ್ ಹತ್ತಿ ಇಳಿಯಬೇಕು. ಹಿಮ ಬಿದ್ದ ದಿನ ಟೈರಿಗೆ ಸರಪಳಿ ಸುತ್ತಿದ ಗಾಡಿಗಳಿಗೆ, ನಾಲ್ಕು ಚಕ್ರಕ್ಕೂ ಎಳೆತವಿರುವ ಜೀಪುಗಳಿಗೆ ಮಾತ್ರ ಮೇಲೆ ಪ್ರವೇಶ. ಒಬ್ಬರೇ ಗಾಡಿ ಮಾಡಿಕೊಂಡರೆ ಕೋಣೆಯಲ್ಲಿ ಉಳಿಸಿದ್ದು ರಸ್ತೆಯಲ್ಲಿ ಹೋಯಿತು. ಊರವರೊಂದಿಗೆ ಸುಮೊದಲ್ಲಿ ಹಂಚಿಕೊಂಡು ಕುಳಿತರೆ ಮಾತ್ರ ಲೆಕ್ಕ ಗಿಟ್ಟುತ್ತದೆ. ಜೋರಾಗಿ ಹಿಮ ಸುರಿದಾಗ ರಸ್ತೆ ತೆರವಾಗುವವರೆಗೆ ಕೆಳಗೇ ಕೂರಬೇಕಾಗುತ್ತದೆ. ಹೊಸ ಹಿಮದ ಮೊದಲ ಬೆಳಗು ಸ್ಕೀ ಆಡುವವರಿಗೆ ಹಬ್ಬ ಎನ್ನುತ್ತಾರೆ. ತಂಗ್‌ಮಾರ್ಗ್‌ನಲ್ಲಿ ಉಳಿದವರು ಆ ಹಬ್ಬವನ್ನು ಕಿಟಕಿಯಿಂದ ನೋಡಬೇಕು. ಹೊಸಬರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ನುರಿತವರು ಬೇಕಾದರೆ ನಾಲ್ಕು ಜನ ಸೇರಿ ಮೇಲೆಯೇ ಒಂದು ಕೋಣೆ ಹಂಚಿಕೊಳ್ಳಬಹುದು.

ಊಟದ ಬಗ್ಗೆ ಅಮ್ಮಂದಿರು ಚಿಂತಿಸಬೇಕಾಗಿಲ್ಲ. ಕಾಶ್ಮೀರಿಗಳು ಅನ್ನ ಉಣ್ಣುವ ಜನ. ಹಾಖ್ ಎಂಬ ಸೊಪ್ಪಿನ ಸಾರು, ರಾಜ್ಮಾ, ತಾವರೆ ದಂಟಿನ ಪಲ್ಯ ಇದ್ದರೆ ಸಸ್ಯಾಹಾರಿಯ ಊಟ ನಡೆಯುತ್ತದೆ. ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾಕ್ಕೆ ಒಗ್ಗಿಕೊಳ್ಳಲು ಮಾತ್ರ ಕೆಲವು ದಿನ ಬೇಕು. ಊಟಸಹಿತ ಬಾಡಿಗೆ ಮಾತಾಡಿಕೊಂಡರೆ ಮನೆಯವರಿಗೂ ಅನುಕೂಲ, ವಿದ್ಯಾರ್ಥಿಗೂ ಅನುಕೂಲ. ಹುಡುಗಿಯರಿಗಂತೂ ಸಂಸಾರವಿರುವ ಮನೆಯ ಕೋಣೆಯೇ ಸರಿ.

ಚಿಂತಿಸಬೇಕಾದ ಸಂಗತಿ ಬೇರೆ ಇದೆ, ಅದು ಬೆಂಕಿ. ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯನ್ನು ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುತ್ತಾರೆ. ಆ ಚಳಿಯಲ್ಲಿ ಕೋಣೆ ಬೆಚ್ಚಗಿಡಲು ಬುಖಾರಿ ಎಂಬ ಕಬ್ಬಿಣದ ಒಲೆ, ಮೈಗೆ ಕಾವು ಕೊಡಲು ಕೆಂಡ ತುಂಬಿದ ಕಾಂಗ್ರಿ, ಕೆಲವು ಮನೆಗಳಲ್ಲಿ ನೆಲದಡಿ ಬೆಂಕಿ ಹಾಕಿ ಕಲ್ಲುಹಾಸು ಬಿಸಿಮಾಡುವ ಹಮಾಮ್ ಇರುತ್ತವೆ. ಕರೆಂಟು ಆಗಾಗ ಹೋಗುವುದರಿಂದ ಗ್ಯಾಸ್ ಹೀಟರೂ ಬಂದಿವೆ. ಅಗ್ಗದ ಕೋಣೆ ಅಗ್ಗವಾಗುವುದು ಹೆಚ್ಚಾಗಿ ಇಲ್ಲೇ. ಒಲೆಗೆ ಹೊಗೆಕೊಳವೆ ಇರುವುದಿಲ್ಲ, ಚಳಿಗೆಂದು ಕಿಟಕಿಯ ಸಂದುಗಳನ್ನೆಲ್ಲ ಮುಚ್ಚಿರುತ್ತಾರೆ. ಮುಚ್ಚಿದ ಕೋಣೆಯಲ್ಲಿ ಕೆಂಡವೋ ಗ್ಯಾಸೋ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. 2025ರ ಜನವರಿಯಲ್ಲಿ ಶ್ರೀನಗರದ ಬಾಡಿಗೆ ಮನೆಯೊಂದರಲ್ಲಿ ಒಂದೇ ಕುಟುಂಬದ ಐವರು ಹೀಗೆ ಉಸಿರುಗಟ್ಟಿ ಸತ್ತರು. ಅವರು ಹೊರಗಿನಿಂದ ಬಂದ ಪ್ರವಾಸಿಗಳಲ್ಲ, ಆ ಚಳಿಯನ್ನು ಬಲ್ಲ ಕಾಶ್ಮೀರದವರೇ.

ಆದ್ದರಿಂದ ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ಕೇಳಬೇಕಾದ್ದು: ಒಲೆಯ ಹೊಗೆ ಎಲ್ಲಿ ಹೋಗುತ್ತದೆ? ಕೊಳವೆ ಗೋಡೆ ದಾಟಿ ಹೊರಗೆ ಹೋಗಿದೆಯೇ, ಹಿಮ ಬಿದ್ದು ಅದರ ಬಾಯಿ ಕಟ್ಟಿಕೊಂಡಿದೆಯೇ ಎಂದು ಕಣ್ಣಾರೆ ನೋಡಬೇಕು. ಮಲಗುವಾಗ ಕೆಂಡ ಕೋಣೆಯಲ್ಲಿರಬಾರದು. ಈ ಅನಿಲವನ್ನು ಪತ್ತೆ ಮಾಡಿ ಕೂಗಿಕೊಳ್ಳುವ ಪುಟ್ಟ ಯಂತ್ರ ಅಂಗಡಿಗಳಲ್ಲಿ ಸಿಗುತ್ತದೆ. ಎರಡನೆಯ ಸ್ವೆಟರಿಗಿಂತ ಅದು ಮುಖ್ಯ. ಕಟ್ಟಿಗೆಯ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಎಂಬುದನ್ನೂ ಮೊದಲೇ ಬಿಡಿಸಿಕೊಳ್ಳಬೇಕು. ಎಷ್ಟೋ ಕಡೆ ಬಾಡಿಗೆ ಕಡಿಮೆ, ಕಟ್ಟಿಗೆಯ ಬೆಲೆ ಬೇರೆ.

ಇನ್ನು ಮುಂಗಡದ ಮಾತು. ಹಿಮ ಈಗ ಮೊದಲಿನಂತೆ ಹೇಳಿದ ದಿನಕ್ಕೆ ಬರುವುದಿಲ್ಲ. 2024ರ ಜನವರಿ ಬಹುಪಾಲು ಕಳೆದರೂ ಗುಲ್‌ಮಾರ್ಗ್‌ನ ಇಳಿಜಾರು ಕಂದು ಬಣ್ಣದಲ್ಲೇ ಇತ್ತು. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಹಿಮದ ಕೊರತೆಯಿಂದ ಮಾರ್ಚ್‌ಗೆ ಮುಂದೆ ಹೋದವು. ಸರ್ಕಾರವೇ ದಿನಾಂಕ ಬದಲಿಸಬೇಕಾಯಿತೆಂದರೆ ವಿದ್ಯಾರ್ಥಿಯ ಪಾಡೇನು? ಇಡೀ ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೊಡದೆ ವಾರವಾರ ಕೊಡುವ ಒಪ್ಪಂದ ಮಾಡಿಕೊಳ್ಳುವುದು, ಹಿಮ ಬಾರದಿದ್ದರೆ ದಿನಾಂಕ ಮುಂದೂಡಬಹುದೆಂಬುದನ್ನು ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳುವುದು ಜಾಣತನ. ಕರ್ನಾಟಕದ ಕಾಲೇಜುಗಳ ದೊಡ್ಡ ರಜೆ ಬರುವುದು ಬೇಸಿಗೆಯಲ್ಲಿ. ಚಳಿಗಾಲದಲ್ಲಿ ತಿಂಗಳು ಬಿಡುವು ಸಿಗುವುದು ಸೆಮಿಸ್ಟರುಗಳ ನಡುವೆ ಅದೃಷ್ಟವಿದ್ದವರಿಗೆ, ಇಲ್ಲವೇ ಓದು ಮುಗಿಸಿ ಕೆಲಸಕ್ಕೆ ಸೇರುವ ಮುನ್ನ ಕಾಯುತ್ತಿರುವವರಿಗೆ. ಹಾಜರಾತಿ ಕಳೆದುಕೊಂಡು ಕಂದು ಗುಡ್ಡ ನೋಡಿ ಬರುವುದು ಯಾರಿಗೂ ಬೇಡ.

ತಿಂಗಳ ಬಾಡಿಗೆಯ ರೂಢಿ ಹೆಚ್ಚಾಗಿರುವುದು ಮನಾಲಿಯ ಕಡೆ. ಹಳೆ ಮನಾಲಿ, ವಶಿಷ್ಠದಂಥ ಹಳ್ಳಿಗಳಲ್ಲಿ ಅಡುಗೆಮನೆ ಸಹಿತ ಕೋಣೆಗಳು ಬಹಳ ಕಾಲದಿಂದ ತಿಂಗಳ ಲೆಕ್ಕದಲ್ಲಿ ಸಿಗುತ್ತಿವೆ. ಬೇಸಿಗೆಯಲ್ಲಿ ಗಿಜಿಗುಡುವ ಊರು ಚಳಿಗಾಲದಲ್ಲಿ ಅರ್ಧ ಖಾಲಿ. ಸ್ವಂತ ಅಡುಗೆ ಮಾಡಿಕೊಂಡರೆ ಊಟದ ಖರ್ಚೂ ಇಳಿಯುತ್ತದೆ. ಸ್ಕೀ ಇಳಿಜಾರಿರುವ ಸೋಲಂಗ್ ಸುಮಾರು 13 ಕಿಲೋಮೀಟರ್ ದೂರ. ಪಲ್ಚಾನ್, ಬುರುವಾ ಹಳ್ಳಿಗಳು ಅದಕ್ಕೆ ಇನ್ನೂ ಹತ್ತಿರ. ಇಲ್ಲಿನ ಕಾಟ ಒಡೆಯುವ ನಲ್ಲಿಗಳದು. ರಾತ್ರಿ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ, ಬೆಳಿಗ್ಗೆ ಬಕೆಟ್ ಹಿಡಿದು ಓಡಬೇಕಾಗುತ್ತದೆ. ಸೋಲಂಗ್‌ನ ಇಳಿಜಾರು ಗುಲ್‌ಮಾರ್ಗ್‌ನಷ್ಟು ದೊಡ್ಡದಲ್ಲ ಎಂಬುದೂ ನಿಜ. ಕಲಿಯುವವರಿಗೆ ಅಷ್ಟು ಸಾಕು.

ಉತ್ತರಾಖಂಡದ ಔಲಿಯ ಬಗ್ಗೆ ಹಳಬರು ಕೊಡುತ್ತಿದ್ದ ಸಲಹೆ, ಕೆಳಗಿನ ಜೋಶಿಮಠದಲ್ಲಿ ಅಗ್ಗವಾಗಿ ಉಳಿದು ರೋಪ್‌ವೇಯಲ್ಲಿ ಮೇಲೆ ಹೋಗಿ ಎಂಬುದಾಗಿತ್ತು. 2023ರ ಜನವರಿಯಲ್ಲಿ ನೆಲ ಕುಸಿದು ಜೋಶಿಮಠದ ನೂರಾರು ಮನೆಗಳು ಬಿರುಕುಬಿಟ್ಟವು, ರೋಪ್‌ವೇ ನಿಂತಿತು. ಅಲ್ಲಿಗೆ ಹೋಗುವವರು ಗಢವಾಲ್ ಮಂಡಲ ವಿಕಾಸ ನಿಗಮದ ವಸತಿಸಹಿತ ಕೋರ್ಸನ್ನೇ ವಿಚಾರಿಸುವುದು ಮೇಲು.

ಹೊರದೇಶಕ್ಕೆ ಓದಲು ಹೋಗುವವರಿಗೆ ಕೊಂಚ ಬೇರೆ ದಾರಿ ಇದೆ. ಸ್ಕೀ ಊರಿನಲ್ಲಿ ಮನೆ ಸಿಗದಿರುವುದು ಶ್ರೀಮಂತ ದೇಶಗಳ ಗೋಳೂ ಹೌದು. ಕೆನಡಾದ ವಿಸ್ಲರ್‌ನಲ್ಲಿ ಅಲ್ಲಿಯೇ ದುಡಿಯುವವರಿಗೆ ಮನೆ ಒದಗಿಸಲೆಂದು 1997ರಲ್ಲಿ ಪ್ರತ್ಯೇಕ ಪ್ರಾಧಿಕಾರವನ್ನೇ ರಚಿಸಬೇಕಾಯಿತು. ಆದರೆ ಫ್ರಾನ್ಸಿನ ಗ್ರೆನೋಬ್ಲ್, ಆಸ್ಟ್ರಿಯಾದ ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ನಗರಗಳು. ಮೊದಲನೆಯದು 1968ರಲ್ಲಿ, ಎರಡನೆಯದು 1964 ಮತ್ತು 1976ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಸಿದವು. ಅಲ್ಲಿ ವಿದ್ಯಾರ್ಥಿ ನಿಲಯದಲ್ಲಿದ್ದುಕೊಂಡು ಬಿಡುವಿನ ದಿನ ಬಸ್ಸಿನಲ್ಲೋ ತಂತಿಗಾಡಿಯಲ್ಲೋ ಇಳಿಜಾರಿಗೆ ಹೋಗಿ ಸಂಜೆಗೆ ಮರಳಬಹುದು. ಸ್ಕೀಗೆಂದೇ ಬೇರೆ ಬಾಡಿಗೆಯಿಲ್ಲ.

ಮತ್ತೆ ಕಾಶ್ಮೀರಕ್ಕೆ ಬಂದರೆ, ಪೋಷಕರ ಮನಸ್ಸಿನಲ್ಲಿರುವ ಭಯವನ್ನು ತಳ್ಳಿಹಾಕುವಂತಿಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ಬಳಿ 26 ಮಂದಿಯನ್ನು ಕೊಂದ ಮೇಲೆ ಹಲವು ಪ್ರವಾಸಿ ತಾಣಗಳನ್ನು ಕೆಲಕಾಲ ಮುಚ್ಚಲಾಗಿತ್ತು. ಹೊರಡುವ ವಾರದಲ್ಲಿ ಪರಿಸ್ಥಿತಿ ಹೇಗಿದೆಯೆಂದು ವಿಚಾರಿಸಿಯೇ ಹೆಜ್ಜೆ ಇಡಬೇಕು. ಹಣ ವಾಪಸಾಗುವ ಒಪ್ಪಂದ ಇದಕ್ಕೂ ಬೇಕು. ಮನೆಯಲ್ಲಿ ಕೋಣೆ ಹಿಡಿದವರು ತಮ್ಮ ಗುರುತಿನ ಪ್ರತಿಯನ್ನು ಮಾಲೀಕನ ಮೂಲಕ ಪೊಲೀಸ್ ಠಾಣೆಗೆ ತಲುಪಿಸಬೇಕು. ಅದಕ್ಕೆ ಒಪ್ಪದ ಮಾಲೀಕನ ಕೋಣೆ ಎಷ್ಟೇ ಅಗ್ಗವಾದರೂ ಬೇಡ. ಗುರುತುಮಾಡಿದ ಇಳಿಜಾರು ಬಿಟ್ಟು ಆಚೆ ಹೋಗಬಾರದು. 2023ರ ಫೆಬ್ರುವರಿಯಲ್ಲಿ ಅಫರ್ವತ್ ಬಳಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ ಇಬ್ಬರು ಪೋಲೆಂಡಿನ ಸ್ಕೀಗಾರರು.

ಮಗ ಫೋನ್ ಮಾಡಲಿಲ್ಲವೆಂದು ಮೊದಲ ರಾತ್ರಿಯೇ ಗಾಬರಿಯಾಗುವುದನ್ನು ತಪ್ಪಿಸಲು ಇನ್ನೊಂದು ಸಣ್ಣ ಕೆಲಸವಿದೆ. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ ನಡೆಯುತ್ತದೆ. ಹೊರಡುವ ಮೊದಲೇ ಅದನ್ನು ಬದಲಿಸಿಕೊಂಡು, ಕೋಣೆ ಕೊಟ್ಟ ಮನೆಯವರ ನಂಬರನ್ನೂ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟು ಹೋಗಬೇಕು.