ಎರಡು ಲೆಕ್ಕದ ಪುಸ್ತಕಗಳು

2025ರ ಜನವರಿ 17ರಂದು ರಾಷ್ಟ್ರಪತಿ ಭವನದಲ್ಲಿ ಅರ್ಜುನ ಪ್ರಶಸ್ತಿಗಳ ಪ್ರದಾನ ನಡೆದಾಗ, ಅವನ್ನು ಪಡೆದ ತರುಣ ತರುಣಿಯರ ನಡುವೆ ಎಂಬತ್ತು ವರ್ಷದ ವೃದ್ಧರೊಬ್ಬರಿದ್ದರು. ಅವರು ಮುರಳಿಕಾಂತ್ ಪೇಟ್ಕರ್. ಅವರಿಗೆ ಸಂದದ್ದು ಜೀವಮಾನ ಸಾಧನೆಯ ಗೌರವ. ಯಾವ ಸಾಧನೆಗಾಗಿ ಅದು ಸಂದಿತೋ ಅದು ನಡೆದದ್ದು 1972ರ ಆಗಸ್ಟ್ ತಿಂಗಳಿನಲ್ಲಿ. ನಡುವೆ ಐವತ್ತೆರಡು ವರ್ಷಗಳು ಸರಿದುಹೋಗಿದ್ದವು. ಇಷ್ಟು ತಡವಾಯಿತಲ್ಲ ಎಂದು ಮರುಗುವವರುಂಟು. ತಡವಾಗಿಯಾದರೂ ಬಂದಿತಲ್ಲ ಎಂದು ಸಮಾಧಾನ ತಾಳುವವರೂ ಉಂಟು. ಎರಡು ಮಾತೂ ಸರಿಯೇ. ಆದರೆ ತಡವಾದುದೇಕೆ ಎಂಬ ಪ್ರಶ್ನೆಗೆ ಅವೆರಡರಲ್ಲಿಯೂ ಉತ್ತರವಿಲ್ಲ. ನನ್ನ ವಿಚಾರ ಆ ಪ್ರಶ್ನೆಯನ್ನು ಕುರಿತದ್ದು.

ಪೇಟ್ಕರರು ಹುಟ್ಟಿದ್ದು 1944ರ ನವೆಂಬರ್ 1ರಂದು, ಸಾಂಗ್ಲಿ ಜಿಲ್ಲೆಯ ಪೇಠ ಇಸ್ಲಾಂಪುರದಲ್ಲಿ. ಅದು ಕೃಷ್ಣೆಯ ಸೀಮೆ. ನಮ್ಮ ಬೆಳಗಾವಿ ಜಿಲ್ಲೆಗೆ ಹರಿದುಬರುವ ಹೊಳೆ ಅದೇ. ಗರಡಿಯ ಮಣ್ಣಿಗೆ ಆ ಸೀಮೆಯಲ್ಲಿರುವ ಮನ್ನಣೆಯನ್ನು ಗಡಿಭಾಗದ ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಎಳೆಯ ವಯಸ್ಸಿನಲ್ಲಿಯೇ ಅವರು ಸೇನೆಯನ್ನು ಸೇರಿದರು. ಮುಷ್ಟಿಯುದ್ಧದಲ್ಲಿ ಹೆಸರು ಮಾಡಿದರು. 1965ರ ಯುದ್ಧಕಾಲದಲ್ಲಿ ಕಾಶ್ಮೀರದಲ್ಲಿದ್ದಾಗ ಶತ್ರುವಿನ ಹಲವು ಗುಂಡುಗಳು ಅವರ ಮೈಯನ್ನು ಹೊಕ್ಕವು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗಿನ ಶಕ್ತಿ ಉಡುಗಿಹೋಯಿತು. ಮುಂಬಯಿಯ ನೌಕಾಪಡೆಯ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಒಂದು ಅಂಗವಾಗಿ ಅವರನ್ನು ನೀರಿಗಿಳಿಸಿದರು. ಮುಷ್ಟಿಯುದ್ಧದ ಅಂಕಣ ಶಾಶ್ವತವಾಗಿ ಮುಚ್ಚಿಹೋಗಿದ್ದ ಆ ಯೋಧ ಈಜುಗಾರನಾದದ್ದು ಹೀಗೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ನೀರು ಮೈಯ ಭಾರವನ್ನು ಹೊರುತ್ತದೆ, ನಿಜ. ನೆಲದ ಮೇಲೆ ಎಳೆದಾಡಬೇಕಾದ ಕಾಲು ನೀರಿನಲ್ಲಿ ಹಗುರಾಗುತ್ತದೆ. ವೈದ್ಯರು ನೀರನ್ನು ಔಷಧವಾಗಿ ಬಳಸುವುದು ಇದಕ್ಕಾಗಿಯೇ. ಆದರೆ ವೇಗದ ಈಜಿನ ನ್ಯಾಯ ಬೇರೆ. ಈಜುವವನು ಕಾಲು ಬಡಿಯುವುದು ಮುಂದೆ ಸಾಗುವುದಕ್ಕಾಗಿ ಮಾತ್ರವಲ್ಲ. ಸೊಂಟವನ್ನು ಎತ್ತರದಲ್ಲಿ ನಿಲ್ಲಿಸುವುದಕ್ಕೂ ಹೌದು. ಬಡಿಯದ ಕಾಲು ಕೆಳಕ್ಕೆ ತೂಗಿ ನೀರನ್ನು ತಡೆಯುತ್ತದೆ. ಆ ತಡೆಯನ್ನು ಮೀರಿ ಮೈಯನ್ನು ಎಳೆದೊಯ್ಯುವ ಕೆಲಸವೆಲ್ಲ ಎರಡು ತೋಳುಗಳ ಪಾಲಿಗೆ ಬರುತ್ತದೆ. ಅಂಚಿನಿಂದ ಕಾಲೂರಿ ಚಿಮ್ಮುವ ಅನುಕೂಲವೂ ಇಲ್ಲ. ಹೀಗೆ ಈಜುವವನಿಗೆ ನೀರು ಆಸರೆಯೂ ಹೌದು, ಎದುರಾಳಿಯೂ ಹೌದು.

ಆ ಕಾಲಕ್ಕೆ ಇಂಥ ಸ್ಪರ್ಧಿಗಳಿಗೆ ಜಗತ್ತಿನಲ್ಲಿ ಒಂದು ವೇದಿಕೆ ಆಗಲೇ ಸಿದ್ಧವಾಗಿತ್ತು. ನಾತ್ಸಿಗಳ ಕಾಟದಿಂದ 1939ರಲ್ಲಿ ಜರ್ಮನಿಯನ್ನು ಬಿಟ್ಟು ಇಂಗ್ಲೆಂಡಿಗೆ ಬಂದ ವೈದ್ಯ ಲುಡ್ವಿಗ್ ಗಟ್‌ಮನ್, ಬೆನ್ನುಹುರಿ ಮುರಿದ ಯೋಧರಿಗಾಗಿ 1948ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬಿಲ್ಲುಗಾರಿಕೆಯ ಸ್ಪರ್ಧೆಯನ್ನು ಏರ್ಪಡಿಸಿದ. ಅದು ಬೆಳೆದು 1960ರಲ್ಲಿ ರೋಮಿನ ಕೂಟವಾಯಿತು. ಇಂದು ಅದನ್ನೇ ಮೊದಲ ಪ್ಯಾರಾಲಿಂಪಿಕ್ಸ್ ಎನ್ನುತ್ತೇವೆ. 1968ರ ಟೆಲ್ ಅವೀವ್ ಕೂಟಕ್ಕೆ ಭಾರತ ಮೊದಲ ಬಾರಿಗೆ ತಂಡವನ್ನು ಕಳುಹಿಸಿತು. ಪೇಟ್ಕರರು ಅಲ್ಲಿ ಟೇಬಲ್ ಟೆನಿಸ್ ಆಡಿದರು. ಮುಂದಿನ ಕೂಟ ನಡೆದದ್ದು ಗಟ್‌ಮನ್ ತೊರೆದು ಬಂದಿದ್ದ ಜರ್ಮನಿಯಲ್ಲಿಯೇ, ಹೈಡೆಲ್‌ಬರ್ಗ್ ನಗರದಲ್ಲಿ. ಅಲ್ಲಿ ಪೇಟ್ಕರರು ತಮ್ಮ ವರ್ಗದ 50 ಮೀಟರ್ ಮುಕ್ತ ಶೈಲಿಯ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ, ವಿಶ್ವದಾಖಲೆಯೊಂದಿಗೆ ಸುವರ್ಣಪದಕವನ್ನು ಗೆದ್ದರು. ಒಲಿಂಪಿಕ್ಸ್ ಆಗಲಿ ಪ್ಯಾರಾಲಿಂಪಿಕ್ಸ್ ಆಗಲಿ, ಒಬ್ಬ ಭಾರತೀಯ ಏಕಾಂಗಿಯಾಗಿ ಗೆದ್ದ ಮೊದಲ ಚಿನ್ನ ಅದು. ಅದೇ ಕೂಟದಲ್ಲಿ ಭರ್ಜಿ ಎಸೆತದಲ್ಲಿಯೂ ಅವರು ಅಂತಿಮ ಸುತ್ತನ್ನು ಮುಟ್ಟಿದ್ದರು.

ಕೆಲವೇ ವಾರಗಳ ಬಳಿಕ ಅದೇ ದೇಶದ ಮ್ಯೂನಿಕ್‌ನಲ್ಲಿ ಒಲಿಂಪಿಕ್ಸ್ ನಡೆಯಿತು. ಮಾರ್ಕ್ ಸ್ಪಿಟ್ಜ್ ಈಜಿನಲ್ಲಿ ಏಳು ಚಿನ್ನ ಗೆದ್ದದ್ದೂ, ನಮ್ಮ ಹಾಕಿ ತಂಡ ಕಂಚು ತಂದದ್ದೂ ಮನೆಮಾತಾದವು. ಹೈಡೆಲ್‌ಬರ್ಗಿನ ಚಿನ್ನ ಹಾಗಾಗಲಿಲ್ಲ. ಪೇಟ್ಕರರು ಪುಣೆಯಲ್ಲಿ ಟೆಲ್ಕೋ ಕಾರ್ಖಾನೆಯ ನೌಕರಿಯಲ್ಲಿ ಬಾಳನ್ನು ಸವೆಸಿದರು. 1982ರಲ್ಲಿ ಅರ್ಜುನ ಪ್ರಶಸ್ತಿಗಾಗಿ ಮಾಡಿಕೊಂಡ ಮನವಿ ಫಲಿಸಲಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗಿನಲ್ಲಿ ಚಿನ್ನ ಗೆದ್ದಾಗ ಒಲಿಂಪಿಕ್ಸಿನಲ್ಲಿ ಅದು ಭಾರತೀಯನೊಬ್ಬನ ಮೊದಲ ವೈಯಕ್ತಿಕ ಚಿನ್ನವೆಂದು ದೇಶ ಸಂಭ್ರಮಿಸಿತು. ಅದು ಯೋಗ್ಯ ಸಂಭ್ರಮ. ಆದರೆ ಆ ಸಂಭ್ರಮದ ನಡುವೆ 1972ನ್ನು ನೆನೆದವರು ಎಷ್ಟು ಮಂದಿ?

ಇದನ್ನು ಬರಿಯ ಮರೆವು ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಮರೆಯಬೇಕಾದರೆ ಮೊದಲು ನೆನಪಿನಲ್ಲಿ ಬರೆದುಕೊಂಡಿರಬೇಕು. ನಮ್ಮ ಸಮಾಜ ಎರಡು ಲೆಕ್ಕದ ಪುಸ್ತಕಗಳನ್ನು ಇಟ್ಟಿದೆ: ಒಂದು ಪರಾಕ್ರಮದ್ದು, ಇನ್ನೊಂದು ಕರುಣೆಯದು. ಅಂಗವಿಕಲನು ಏನು ಮಾಡಿದರೂ ನಾವು ಅದನ್ನು ಎರಡನೆಯ ಪುಸ್ತಕದಲ್ಲಿ ಬರೆಯುತ್ತೇವೆ. "ಪಾಪ, ಇಷ್ಟಾದರೂ ಮಾಡಿದನಲ್ಲ" ಎನ್ನುತ್ತೇವೆ. ಆ ಮಾತಿನಲ್ಲಿ ಕೆಡುಕಿಲ್ಲ. ಕೆಡುಕಿಲ್ಲದ್ದರಿಂದಲೇ ಅದನ್ನು ತಿದ್ದುವುದು ಕಷ್ಟ. 37.33 ಎಂಬುದು ಗಡಿಯಾರ ಹೇಳಿದ ಸಂಖ್ಯೆ. ಗಡಿಯಾರಕ್ಕೆ ಕರುಣೆಯಿಲ್ಲ. ಅದರ ಸಾಕ್ಷ್ಯವನ್ನು ನಾವು ಒಪ್ಪಿದ್ದರೆ ಆ ಅಂಕಿ ಅಂದೇ ಮೊದಲನೆಯ ಪುಸ್ತಕದಲ್ಲಿ ಸೇರಬೇಕಾಗಿತ್ತು.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ವರ್ಗ ವರ್ಗವಾಗಿ ವಿಂಗಡಿಸಿದ ಸ್ಪರ್ಧೆಯಲ್ಲಿ ಎದುರಾಳಿಗಳು ಕಡಿಮೆ. ಅಲ್ಲಿಯ ಚಿನ್ನವನ್ನು ಒಲಿಂಪಿಕ್ಸಿನ ಚಿನ್ನದೊಡನೆ ತೂಗಬಹುದೆ? ಪ್ರಶ್ನೆ ನ್ಯಾಯವಾದದ್ದು. ಆದರೆ ಕುಸ್ತಿಯಲ್ಲಿ, ಮುಷ್ಟಿಯುದ್ಧದಲ್ಲಿ ನಾವು ಮೈತೂಕದ ಮೇಲೆ ವರ್ಗ ಮಾಡುವುದಿಲ್ಲವೆ? ಹಗುರ ತೂಕದ ಪೈಲ್ವಾನನ ಗೆಲವನ್ನು ಯಾರೂ ಕೀಳೆನ್ನುವುದಿಲ್ಲ. ಸಮಾನರ ನಡುವೆ ಸ್ಪರ್ಧೆ ನಡೆಯಲೆಂಬುದೇ ವರ್ಗೀಕರಣದ ಉದ್ದೇಶ, ಅದು ರಿಯಾಯಿತಿಯಲ್ಲ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಬಲವಾದದ್ದು. ಕೃಷ್ಣೆಯ ಅದೇ ಸೀಮೆಯ ಖಾಶಾಬಾ ಜಾಧವರು 1952ರಲ್ಲಿ ಹೆಲ್ಸಿಂಕಿಯಲ್ಲಿ ಕುಸ್ತಿಯ ಕಂಚನ್ನು ಗೆದ್ದರು. ಸ್ವತಂತ್ರ ಭಾರತಕ್ಕೆ ಅದು ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಅವರಿಗೆ ಅರ್ಜುನ ಪ್ರಶಸ್ತಿ ಸಂದದ್ದು ಮರಣಾನಂತರ. ಜಾಧವರ ಕೈಕಾಲುಗಳು ಗಟ್ಟಿಯಾಗಿಯೇ ಇದ್ದವು. ಆದ್ದರಿಂದ ಅಲಕ್ಷ್ಯವೆಂಬುದು ನಮ್ಮಲ್ಲಿ ಎಲ್ಲರಿಗೂ ಸಮಾನವಾಗಿ ಹಂಚಿದ ಪ್ರಸಾದವೆನ್ನಬಹುದು. ಒಪ್ಪುತ್ತೇನೆ. ಆದರೂ ಒಂದು ವ್ಯತ್ಯಾಸವುಂಟು. ಜಾಧವರನ್ನು ದೇಶ ಕ್ರೀಡಾಪಟುವೆಂದು ಕಂಡು ಕಡೆಗಣಿಸಿತು. ಪೇಟ್ಕರರನ್ನು ಕ್ರೀಡಾಪಟುವೆಂದು ಕಾಣಲೇ ಇಲ್ಲ.

ಕಾಲ ಬದಲಾಗುತ್ತಿದೆ ಎಂಬುದರಲ್ಲಿ ಸಂದೇಹವಿಲ್ಲ. 2012ರಲ್ಲಿ ಲಂಡನ್ನಿನಲ್ಲಿ ಹಾಸನ ಜಿಲ್ಲೆಯ ಗಿರೀಶರು ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. 2024ರ ಪ್ಯಾರಿಸ್ ಕೂಟದಲ್ಲಿ ಪದಕಗಳ ಸಂಖ್ಯೆ 29ಕ್ಕೆ ಏರಿತು. ಅವುಗಳಲ್ಲಿ 7 ಚಿನ್ನ. ಪೇಟ್ಕರರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. 2024ರಲ್ಲಿ 'ಚಂದು ಚಾಂಪಿಯನ್' ಎಂಬ ಹಿಂದಿ ಚಲನಚಿತ್ರ ಅವರ ಕಥೆಯನ್ನು ಮನೆಮನೆಗೆ ಮುಟ್ಟಿಸಿತು. ಇಷ್ಟಾದರೂ ಪ್ಯಾರಿಸ್ಸಿನ ಆ 29ರಲ್ಲಿ ಈಜಿನ ಪದಕ ಒಂದೂ ಇಲ್ಲ. ಪ್ಯಾರಾಲಿಂಪಿಕ್ಸಿನ ಈಜುಕೊಳದಿಂದ ಭಾರತಕ್ಕೆ ಬಂದ ಪದಕ ಪ್ಯಾರಿಸ್ಸಿನವರೆಗೂ 1972ರದೊಂದೇ. ಪ್ರಶಸ್ತಿ ಪ್ರದಾನದ ಸಡಗರಕ್ಕಿಂತ ಈ ಸಂಗತಿ ನನ್ನನ್ನು ಹೆಚ್ಚು ಯೋಚನೆಗೀಡುಮಾಡಿದೆ.

ಕಾರಣ ಗೂಢವಾದುದೇನೂ ಅಲ್ಲ. ಭರ್ಜಿ ಎಸೆಯಲು ಬಯಲು ಸಾಕು. ಈಜಿಗೆ ಕೊಳ ಬೇಕು, ಶುದ್ಧವಾದ ನೀರು ಬೇಕು, ಗಾಲಿಕುರ್ಚಿಯಲ್ಲಿ ಬಂದವನು ನೀರಿಗಿಳಿಯಲು ಇಳಿಜಾರು ಬೇಕು, ಜೊತೆಯಲ್ಲಿ ನಿಲ್ಲುವ ಶಿಕ್ಷಕ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಎಳೆಯ ವಯಸ್ಸಿನಲ್ಲಿ ಮಗುವನ್ನು ನೀರಿನ ಬಳಿಗೆ ಕರೆದೊಯ್ಯುವ ಧೈರ್ಯ ಬೇಕು. ಬೆಂಗಳೂರಿನ ಶರತ್ ಗಾಯಕವಾಡರ ದೃಷ್ಟಾಂತವನ್ನು ಉಪಾಧ್ಯಾಯರೆಲ್ಲ ಅರಿಯಬೇಕೆಂದು ನನ್ನ ಆಸೆ. ಹುಟ್ಟಿನಿಂದಲೇ ಅವರ ಎಡಗೈ ಪೂರ್ಣವಾಗಿ ಬೆಳೆದಿರಲಿಲ್ಲ. ಅವರು ಓದಿದ ಶಾಲೆಯಲ್ಲಿ ಈಜು ಎಲ್ಲ ಮಕ್ಕಳಿಗೂ ಕಡ್ಡಾಯವಾಗಿತ್ತು. ತಂದೆತಾಯಿ ಮೊದಲು ಹಿಂಜರಿದರಂತೆ. ಆದರೂ ಹುಡುಗ ನೀರಿಗಿಳಿದ. 2012ರಲ್ಲಿ ಅವರು ಲಂಡನ್ ಪ್ಯಾರಾಲಿಂಪಿಕ್ಸಿನಲ್ಲಿ ಈಜಿದರು. 2014ರಲ್ಲಿ ಇಂಚಿಯಾನಿನ ಏಷ್ಯನ್ ಪ್ಯಾರಾ ಕ್ರೀಡಾಕೂಟವೊಂದರಲ್ಲಿಯೇ ಆರು ಪದಕಗಳನ್ನು ಗೆದ್ದರು. ಅವರನ್ನು ನೀರಿಗೆ ತಂದದ್ದು ಯಾರ ಅನುಕಂಪವೂ ಅಲ್ಲ, ಎಲ್ಲರಿಗೂ ಅನ್ವಯಿಸುವ ಒಂದು ಸಾಮಾನ್ಯ ನಿಯಮ.

ನಮ್ಮ ಶಾಲೆಗಳಲ್ಲಿ ಬಹುಮಟ್ಟಿಗೆ ನಡೆಯುವುದು ಇದಕ್ಕೆ ವಿರುದ್ಧವಾದದ್ದು. ಡ್ರಿಲ್ಲಿನ ಗಂಟೆ ಬಾರಿಸಿದೊಡನೆ ಕುಂಟುವ ಹುಡುಗನಿಗೆ "ನೀನು ಇಲ್ಲೇ ಕೂತಿರಪ್ಪ" ಎಂದು ಪ್ರೀತಿಯಿಂದಲೇ ಹೇಳಿ, ಉಳಿದವರ ಚೀಲಗಳನ್ನು ಕಾಯಲು ಬಿಟ್ಟು, ಮಿಕ್ಕವರು ಬಯಲಿಗೆ ಹೋಗುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಕರುಣೆಯ ಪುಸ್ತಕದ ಮೊದಲ ಪುಟ ಅಲ್ಲಿಯೇ ಬರೆಯಲ್ಪಡುತ್ತದೆ. ಚೀಲ ಕಾಯುತ್ತ ಕುಳಿತ ಆ ಹುಡುಗನ ತೋಳುಗಳಲ್ಲಿ ಎಷ್ಟು ಸೆಕೆಂಡುಗಳ ವೇಗವಿತ್ತೆಂಬುದನ್ನು ಯಾವ ಗಡಿಯಾರವೂ ಅಳೆಯುವುದಿಲ್ಲ. ಯಾವ ರಾಷ್ಟ್ರಪತಿ ಭವನವೂ ಐವತ್ತು ವರ್ಷಗಳ ಮೇಲೆ ಅವನನ್ನು ಕರೆಯಿಸಿ ತಪ್ಪನ್ನು ತಿದ್ದಿಕೊಳ್ಳಲಾರದು. ಪೇಟ್ಕರರ ಅಂಕಿಯಾದರೂ ದಾಖಲೆಯಲ್ಲಿತ್ತು. ಅವನದು ದಾಖಲೆಯಾಗುವುದೇ ಇಲ್ಲ.