ತೊಟ್ಟಿಮನೆಯ ಕಂಬ

2019ರ ಆಗಸ್ಟಿನ ಮಹಾಮಳೆಯಲ್ಲಿ ಮೂಡಿಗೆರೆ ಸೀಮೆಯ ನಮ್ಮ ಹಿರಿಯರ ತೊಟ್ಟಿಮನೆಯ ಪಡುವಣ ಗೋಡೆ ಕುಸಿದುಬಿದ್ದಿತು. ಮಾಡು ಮಾತ್ರ ಕದಲಲಿಲ್ಲ. "ಇನ್ನೇನಿದೆ ಅಣ್ಣಯ್ಯ? ಕೆಡವಿ ತಾರಸಿಮನೆ ಕಟ್ಟೋಣ, ಕಂಬಗಳಿಗೆ ಒಳ್ಳೆಯ ಬೆಲೆಯುಂಟು" ಎಂದು ತಮ್ಮನು ಹೇಳಿದನು. ಗೋಡೆ ಬಿದ್ದ ಮೇಲೂ ಮಾಡು ನಿಂತಿತೇಕೆಂದು ಆ ಗಳಿಗೆಯಲ್ಲಿ ನಾವಿಬ್ಬರೂ ಯೋಚಿಸಲಿಲ್ಲ.

ಮಣ್ಣು ತೆಗೆದಾಗ ಕಾರಣ ಕಂಡಿತು. ಕಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಪಕಾಸಿ. ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ, ಇನ್ನೊಂದರ ತೂತಿಗೆ ಸೇರಿಸಿ, ಮರದ ಬೆಣೆ ಬಡಿದಿರುವರು. ಗೋಡೆಯು ಬರಿಯ ತೆರೆ. ಮಲೆನಾಡಿನ ಎಲ್ಲ ಮನೆಗಳೂ ಹೀಗಲ್ಲ. ಹೊರಗೋಡೆಯೇ ಭಾರ ಹೊರುವ ಮನೆಗಳೂ ಬೇಕಾದಷ್ಟಿವೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಹುಲ್ಲು ಹೊತ್ತಿದ್ದ ಎಷ್ಟೋ ಮನೆಗಳು ಹೆಂಚನ್ನು ಹೊತ್ತುವು.

ಸಂಸ್ಕೃತದಲ್ಲಿ ವಂಶವೆಂದರೆ ಬಿದಿರು. ಮಾಡಿನ ತೊಲೆಗೂ ಅದೇ ಹೆಸರು, ಕುಲಕ್ಕೂ ಅದೇ. ಮೂರನ್ನೂ ಮಕ್ಕಳಿಂದ ಕಂಠಪಾಠ ಮಾಡಿಸಿದ ನಾನು, ತಲೆಯೆತ್ತಿ ನಮ್ಮ ತೊಲೆಯನ್ನು ನೋಡಿದವನಲ್ಲ!

ಈ ಬೆಟ್ಟಗಳಿಗೆ ಕಾಫಿ ಬೆಳೆಸಲು ಬಂದ ಇಂಗ್ಲಿಷರ ದೇಶದಲ್ಲಿಯೂ ಇದೇ ನ್ಯಾಯವುಂಟು. ಚೆಷೈರ್ ಪ್ರಾಂತದ ಲಿಟ್ಲ್ ಮೋರ್ಟನ್ ಹಾಲ್ ಎಂಬ ಮನೆಯನ್ನು 16ನೆಯ ಶತಮಾನದ ಆರಂಭದಲ್ಲಿ ಕಟ್ಟತೊಡಗಿದರು. ಓಕ್ ಮರದ ಚೌಕಟ್ಟು. ನಡುವೆ ಕಡ್ಡಿಯ ತಡಿಕೆ ಹೆಣೆದು ಮಣ್ಣು ಮೆತ್ತುವುದು ಅಲ್ಲಿನ ಪದ್ಧತಿ. ಓಕ್ ಮರವನ್ನು ಹಸಿಯಾಗಿಯೇ ಕೆತ್ತುತ್ತಿದ್ದರು. ಒಣಗಿದಂತೆ ಅದು ಸೊಟ್ಟಗಾದರೂ ಕೀಲುಗಳು ಬಿಗಿಯುತ್ತಿದ್ದುವು. ಆಮೇಲೆ ಆ ಮನೆಯ ನೆತ್ತಿಯಲ್ಲಿ ಉದ್ದನೆಯ ಪಡಸಾಲೆಯೊಂದನ್ನು ಏರಿಸಿ ಕಲ್ಲುಹಲಗೆ ಹೊದಿಸಿದುದರಿಂದ ಮನೆ ಡೊಂಕಾಯಿತು, ಬೀಳಲಿಲ್ಲ. 1938ರಿಂದ ಅದನ್ನು ಅಲ್ಲಿನ ನ್ಯಾಷನಲ್ ಟ್ರಸ್ಟ್ ಕಾಪಾಡುತ್ತಿದೆ.

ನಮ್ಮ ಮನೆಯಲ್ಲಿ ಕೆಟ್ಟಿದ್ದುದು ಒಂದೇ ಕಂಬ. ಅದರ ಮುಂದಣ ಗೋಡೆಗೆ, ಅಂದವಾಗಲೆಂದು, ನಾನೇ ಸಿಮೆಂಟು ಬಳಿಸಿದ್ದೆನು. ಮಣ್ಣಿನ ಗಾರೆಯಾದರೆ ಹೀರಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುವುದು. ಸಿಮೆಂಟಿನ ಹಿಂದೆ ತೇವವು ಸೆರೆಯಾಗಿ ಬುಡವು ಕೊಳೆತಿತ್ತು, ಗೆದ್ದಲೂ ಹಿಡಿದಿತ್ತು. ಬಡಗಿಯು ಊರೆಗೋಲು ಕೊಟ್ಟು, ಕೊಳೆತ ಮೊಳದುದ್ದವನ್ನು ಕತ್ತರಿಸಿ ತೆಗೆದು, ಅಡಿಗಲ್ಲನ್ನು ಅಷ್ಟು ಎತ್ತರಿಸಿದನು. ಮೂರು ದಿನದ ಕೆಲಸ.

ಇಂತಹ ಮನೆಯುಳ್ಳವರು ಚೈತ್ರದಲ್ಲಿಯೇ ಕಂಬದ ಬುಡವನ್ನು ಬಾಚಿಯ ಹಿಡಿಯಿಂದ ತಟ್ಟಿ ನೋಡುವುದೊಳ್ಳೆಯದು; ಟೊಳ್ಳು ಸದ್ದು ಬಂದರೆ ಮಳೆಗಾಲದವರೆಗೆ ಕಾಯಬಾರದು. ತಮ್ಮನು ಈಚೆಗೆ ಬೆಲೆಯ ಮಾತೆತ್ತುವುದಿಲ್ಲ. ಆದರೆ ಕಂಬಗಳನ್ನು ಅಳೆದುಹೋದ ವ್ಯಾಪಾರಿಯ ಚೀಟಿಯನ್ನು ಅವನಿನ್ನೂ ಹರಿದಿಲ್ಲ.