ನಮ್ಮೂರ ಕಟ್ಟಡಗಳ ಮಾದರಿ ರಚನೆ: ಬಾಲಿಕೆಯರಿಗೆ ತಕ್ಕ ಒಂದು ಹವ್ಯಾಸ

ಬಿಡುವಿನ ವೇಳೆಯು ಬರಿದೇ ಕಳೆದುಹೋಗದಂತೆ ಬಾಲಿಕೆಯರ ಕೈಗೆ ಒಂದು ಕೆಲಸವನ್ನು ಕೊಡಬೇಕೆಂಬುದು ಮಿಶನ್ ಶಾಲೆಗಳ ಹಳೆಯ ನಿಯಮವಾಗಿದೆ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಆ ಕೆಲಸವು ಹೊಲಿಗೆಯೂ ಕಸೂತಿಯೂ ಲೇಸು ಹೆಣಿಗೆಯೂ ಆಗಿದ್ದಿತು. ಈಗ ಅದೇ ಕೈಯಲ್ಲಿ ಮೊಬೈಲು ಫೋನು ಬಂದು ಕುಳಿತಿದೆ. ಅದನ್ನು ಕಿತ್ತಿಡಬೇಕೆಂದು ಕೆಲವು ತಾಯಿತಂದೆಗಳೂ, ಕಾಲಕ್ಕೆ ತಕ್ಕಂತೆ ಬಿಟ್ಟುಕೊಡಬೇಕೆಂದು ಬೇರೆ ಕೆಲವರೂ ನಮ್ಮೊಡನೆ ವಾದಿಸುವುದುಂಟು. ಈ ಎರಡೂ ನಮಗೆ ಸರಿಯೆಂದು ತೋರುವುದಿಲ್ಲ. ಸೂಜಿಯು ಹೇಗೆ ಸಾಧನವೋ ಫೋನೂ ಹಾಗೆಯೇ ಸಾಧನ. ಅದರಿಂದ ಏನನ್ನು ಮಾಡಬೇಕೆಂದು ಕಲಿಸದೆ ಇರುವುದೇ ದೋಷವು. ಆದಕಾರಣ ಈ ಸ್ಮರಣಸಂಚಿಕೆಯಲ್ಲಿ ಒಂದು ಹವ್ಯಾಸವನ್ನು ಹಳೆವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡಲು ಬಯಸುತ್ತೇವೆ. ಅದೇನೆಂದರೆ, ತಮ್ಮೂರಿನ ಕಟ್ಟಡಗಳನ್ನು ಅಳೆದು, ಛಾಯಾಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ಅವುಗಳ ಮೂರು ಆಯಾಮದ ಮಾದರಿಗಳನ್ನು ರಚಿಸಿ, ಇತರರೊಡನೆ ಹಂಚಿಕೊಳ್ಳುವುದು.

ಇದು ಎರಡು ವಿಧವಾಗಿ ನಡೆಯುತ್ತದೆ. ಮೊದಲನೆಯದು ಅಳತೆಯಿಂದ ರಚಿಸುವುದು. ಒಂದು ಟೇಪು, ಚೌಕದ ಗೆರೆಗಳುಳ್ಳ ಪುಸ್ತಕ, ಪೆನ್ಸಿಲು ಇಷ್ಟಿದ್ದರೆ ಸಾಕು. ಗೋಡೆಯ ಉದ್ದ, ದಪ್ಪ, ಬಾಗಿಲು ಕಿಟಕಿಗಳ ಅಗಲ, ಕಂಬದಿಂದ ಕಂಬಕ್ಕಿರುವ ಅಂತರ, ಕೋಣೆಯ ಮೂಲೆಯಿಂದ ಎದುರು ಮೂಲೆಗಿರುವ ಕರ್ಣ, ಇವನ್ನೆಲ್ಲಾ ಬರೆದುಕೊಂಡು, ಸ್ಕೆಚಪ್ ಅಥವಾ ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಗೋಡೆಯ ಮೇಲೆ ಗೋಡೆಯನ್ನೆಬ್ಬಿಸಿ ಮಾಡನ್ನು ಹೊದಿಸುವುದು. ಬ್ಲೆಂಡರ್ ೨೦೦೨ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಲಿದೆ. ಎರಡನೆಯದು ಛಾಯಾಚಿತ್ರಗಳಿಂದ ರಚಿಸುವುದು. ಕಟ್ಟಡದ ಸುತ್ತಲೂ ಮೆಲ್ಲನೆ ನಡೆಯುತ್ತಾ, ಒಂದು ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗವು ಮುಂದಿನ ಚಿತ್ರದಲ್ಲಿಯೂ ಕಾಣುವಂತೆ ನೂರಾರು ಚಿತ್ರಗಳನ್ನು ತೆಗೆಯಬೇಕು. ಒಂದೇ ಬಿಂದುವು ಹಲವು ಚಿತ್ರಗಳಲ್ಲಿ ಎಲ್ಲೆಲ್ಲಿ ಕಾಣುತ್ತದೆಂಬುದನ್ನು ತಂತ್ರಾಂಶವು ಹುಡುಕಿ, ರೇಖಾಗಣಿತದ ನಿಯಮದಂತೆ ಆ ಬಿಂದುವಿನ ಸ್ಥಾನವನ್ನು ನಿಶ್ಚಯಿಸುತ್ತದೆ. ಹೀಗೆ ಲಕ್ಷಾಂತರ ಬಿಂದುಗಳು ಕೂಡಿದಾಗ ಕಟ್ಟಡದ ಆಕಾರವು ಮೂಡುತ್ತದೆ. ಆದರೆ ಅದು ಎಷ್ಟು ದೊಡ್ಡದೆಂಬುದನ್ನು ಚಿತ್ರಗಳು ಮಾತ್ರವೇ ಹೇಳಲಾರವು. ಒಂದಾದರೂ ಅಳತೆಯನ್ನು ಟೇಪಿನಿಂದಲೇ ತೆಗೆದು ಕೊಡಬೇಕು.

ಈ ಕೆಲಸದಲ್ಲಿ ನಮ್ಮ ಸೀಮೆಯ ಪಾಠಗಳು ಕೆಲವಿವೆ. ಒರಟಾದ ಮುರಕಲ್ಲಿನ ಗೋಡೆಯು ಚೆನ್ನಾಗಿ ಮೂಡಿಬರುವುದು. ಹೊಸದಾಗಿ ಸುಣ್ಣ ಬಳಿದ ಗೋಡೆಯಲ್ಲಿ ಗುರುತು ಹಿಡಿಯಲು ಕಲೆಯಾದರೂ ಇಲ್ಲದಿರುವುದರಿಂದ ಅದು ತೂತಾಗಿಯೋ ಸೊಟ್ಟಾಗಿಯೋ ಬರುವುದು. ಗಾಜೂ ಕೆರೆಯ ನೀರೂ ಗಾಳಿಗೆ ಅಲುಗುವ ತೆಂಗಿನ ಗರಿಯೂ ತೊಂದರೆಯನ್ನುಂಟುಮಾಡುವವು. ಸುಡುಬಿಸಿಲಿನ ಕರಿನೆರಳಿಗಿಂತ ಮೋಡ ಮುಚ್ಚಿದ ಹಗಲಿನ ಸಮಬೆಳಕು ಉತ್ತಮ. ಆದಕಾರಣ ಮಳೆ ಹಿಂದೆಗೆಯುವ ದಿವಸಗಳು ಈ ಹವ್ಯಾಸಕ್ಕೆ ಅನುಕೂಲವಾದವುಗಳು.

ಛಾಯಾಚಿತ್ರದಿಂದ ಅಳೆಯುವ ವಿದ್ಯೆಯು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ೧೮೫೮ರಲ್ಲಿ ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದ ದೊಡ್ಡ ದೇವಾಲಯವನ್ನು ಅಳೆಯುತ್ತಿದ್ದ ಆಲ್ಬ್ರೆಕ್ಟ್ ಮೈಡನ್‌ಬೌವರ್ ಎಂಬ ಯುವಕನು ಎತ್ತರದಿಂದ ಬೀಳುವುದರಲ್ಲಿದ್ದು ಪಾರಾದನು. ಕೈಯಿಂದ ಮುಟ್ಟಿ ಅಳೆಯುವುದಕ್ಕೆ ಬದಲಾಗಿ ಚಿತ್ರದಿಂದ ಯಾಕೆ ಅಳೆಯಬಾರದೆಂದು ಅವನು ಯೋಚಿಸಿದನು. ಆ ಯೋಚನೆಯ ಫಲವಾಗಿ ೧೮೮೫ರಲ್ಲಿ ಬರ್ಲಿನಿನಲ್ಲಿ ಇದಕ್ಕಾಗಿಯೇ ಒಂದು ಸರಕಾರಿ ಸಂಸ್ಥೆಯು ಸ್ಥಾಪನೆಯಾಯಿತು. ಅಂದು ರಾಜ್ಯದ ಖಜಾನೆಯೇ ಹೊತ್ತ ವೆಚ್ಚದ ಕಾರ್ಯವನ್ನು ಇಂದು ಒಬ್ಬ ಬಾಲಿಕೆಯು ರಜಾದಿನದಲ್ಲಿ ಮಾಡಬಲ್ಲಳು.

ಇದರಿಂದ ಕಲಿಯುವುದೇನು? ಹತ್ತನೆಯ ತರಗತಿಯ ತ್ರಿಕೋನಮಿತಿಯು ಪರೀಕ್ಷೆಗೆ ಮಾತ್ರ ಬೇಕಾದದ್ದೆಂದು ನೆನಸಿರುವ ಹುಡುಗಿಯನ್ನು ಗೋಡೆಯಿಂದ ೧೦ ಮೀಟರು ದೂರದಲ್ಲಿ ನಿಲ್ಲಿಸಿರಿ. ಮಾಡಿನ ತುದಿಯು ೪೫ ಡಿಗ್ರಿಯ ಕೋನದಲ್ಲಿ ಕಂಡರೆ, ಆ ೧೦ ಮೀಟರಿಗೆ ತನ್ನ ಕಣ್ಣಿನ ಎತ್ತರವನ್ನು ಕೂಡಿಸಿ, ಏಣಿಯಿಲ್ಲದೆಯೇ ಕಟ್ಟಡದ ಎತ್ತರವನ್ನು ಹೇಳುವಳು. ಅದಕ್ಕಿಂತಲೂ ಮೇಲಾದ ಪಾಠವೊಂದುಂಟು. ದಿನಾಲು ದಾಟುವ ಹೊಸ್ತಿಲನ್ನು ಅಳೆಯತೊಡಗಿದಾಗಲೇ ಅದನ್ನು ಮೊದಲಾಗಿ ನೋಡುತ್ತೇವೆ. ಮಾಡು ಅಷ್ಟು ಇಳಿಜಾರಾಗಿರುವುದೇಕೆ, ಸೂರು ಜಗಲಿಯನ್ನು ದಾಟಿ ಮುಂಚಾಚಿರುವುದೇಕೆ, ಒಳಗೋಡೆಗಳ ಮೇಲೆ ಮುಚ್ಚಿಗೆಯನ್ನು ಹಾಸಿರುವುದೇಕೆ ಎಂದು ಕೇಳಿದ ಹುಡುಗಿಗೆ, ಆಷಾಢದ ಮಳೆಯೂ ಚೈತ್ರದ ಬಿಸಿಲೂ ಬಡಗಿಯ ಬುದ್ಧಿಯೂ ಒಟ್ಟಾಗಿ ಉತ್ತರಕೊಡುವವು. ಪಕ್ಕಾಸು, ರೀಪು, ತೊಲೆ ಎಂಬ ಹೆಸರುಗಳನ್ನು ಅವಳು ಅಜ್ಜನ ಬಾಯಿಂದ ಕೇಳಿ ತನ್ನ ಮಾದರಿಯಲ್ಲಿ ಬರೆದಿಟ್ಟರೆ ಆ ಶಬ್ದಗಳೂ ಉಳಿಯುವವು.

ಯಾವ ಕಟ್ಟಡಗಳಿಂದ ಪ್ರಾರಂಭಿಸಬೇಕು? ಬಾರ್ಕೂರಿನ ಕತ್ತಲೆ ಬಸದಿ, ಬಸರೂರಿನ ಮಹಾಲಿಂಗೇಶ್ವರ ದೇವಸ್ಥಾನ, ಬೈಂದೂರಿನ ಸೇನೇಶ್ವರ ದೇವಸ್ಥಾನ, ಕುಂದಾಪುರದ ರೋಜರಿ ಮಾತೆಯ ಇಗರ್ಜಿ, ಬ್ರಹ್ಮಾವರದ ಸಂತ ಮೇರಿಯ ಸಿರಿಯನ್ ದೇವಾಲಯ, ಇವೆಲ್ಲಾ ನಮ್ಮ ಸೀಮೆಯ ಭೂಷಣಗಳೇ ಸರಿ. ಆದರೆ ಇವುಗಳಿಗೆ ಭಕ್ತರೂ ಯಾತ್ರಿಕರೂ ಇದ್ದಾರೆ, ಚಿತ್ರಗಳೂ ಸಾಕಷ್ಟಿವೆ. ಯಾರೂ ಚಿತ್ರ ತೆಗೆಯದ ಕಟ್ಟಡಗಳೇ ಮೊದಲು ಮಾಯವಾಗುವವು. ಹೆಬ್ಬಾಗಿಲೂ ಚಾವಡಿಯೂ ಉಪ್ಪರಿಗೆಯೂ ಉಳ್ಳ ಮೂಲಮನೆಗಳು, ಪೇಟೆಯ ಹೆಂಚಿನ ಅಂಗಡಿಸಾಲು, ಹಳ್ಳಿಯ ಶಾಲೆ, ಹೆಂಚಿನ ಕಾರ್ಖಾನೆಯ ಹೊಗೆಗೂಡು, ಇವೇ ನಮ್ಮ ಬಾಲಿಕೆಯರ ಮೊದಲನೆಯ ಪಾಠಗಳಾಗಲಿ.

ಮೂಲಮನೆಗಳು ಬೀಳುತ್ತಿರುವುದು ಯಾರೊಬ್ಬರ ಅಲಕ್ಷ್ಯದಿಂದ ಮಾತ್ರವಲ್ಲ. ಅಳಿಯಸಂತಾನದ ಕುಟುಂಬಗಳಲ್ಲಿ ಮನೆಯು ಹೆಣ್ಣಿನ ಸಂತತಿಯಿಂದಲೇ ಮುಂದುವರಿಯುತ್ತಿತ್ತು. ೧೯೪೯ರ ಅಳಿಯಸಂತಾನ ಕಾನೂನೂ ೧೯೫೬ರ ಹಿಂದೂ ಉತ್ತರಾಧಿಕಾರ ಕಾನೂನೂ ಬಂದ ಮೇಲೆ ಅವಿಭಕ್ತ ಕುಟುಂಬಗಳು ಪಾಲಾದವು. ೧೯೭೪ರ ಭೂಸುಧಾರಣೆಯಿಂದ ಉಳುವವನಿಗೆ ಭೂಮಿಯು ದೊರೆಯಿತು. ಅದು ನ್ಯಾಯವಾದದ್ದೇ, ಆದರೆ ಗೇಣಿಯ ಅಕ್ಕಿಯಿಂದ ನಡೆಯುತ್ತಿದ್ದ ದೊಡ್ಡ ಮನೆಯ ಮಾಡನ್ನು ವರುಷ ವರುಷವೂ ಕೈಯಾಡಿಸುವುದಕ್ಕೆ ಹಣವಿಲ್ಲದಾಯಿತು. ಮಕ್ಕಳು ಮುಂಬಯಿಗೂ ಬೆಂಗಳೂರಿಗೂ ಕೊಲ್ಲಿಯ ದೇಶಗಳಿಗೂ ಹೋದರು. ರಾಷ್ಟ್ರೀಯ ಹೆದ್ದಾರಿ ೬೬ನ್ನು ಅಗಲಿಸಿದಾಗ ದಾರಿಬದಿಯ ಅನೇಕ ಕಟ್ಟಡಗಳು ಹೋದವು. ಕೆತ್ತನೆಯ ಕಂಬಗಳು ಒಂದೊಂದಾಗಿ ಮಾರಲ್ಪಟ್ಟು ದೂರದ ಪಟ್ಟಣಗಳ ಹೊಟೇಲುಗಳನ್ನು ಸೇರುತ್ತವೆ. ಮನೆಯನ್ನು ಉಳಿಸುವ ಶಕ್ತಿಯು ಮಗಳಿಗೆ ಇಲ್ಲದೆ ಇರಬಹುದು. ಅದು ಹೇಗಿತ್ತೆಂದು ಸರಿಯಾಗಿ ಬರೆದಿಡುವ ಶಕ್ತಿಯು ಈಗ ಅವಳಿಗುಂಟು.

ಇಂಥ ಬರಹದ ಬೆಲೆಯು ಎಷ್ಟೆಂಬುದಕ್ಕೆ ಪ್ಯಾರಿಸಿನ ನೋತ್ರ ದಾಮ್ ದೇವಾಲಯವೇ ಸಾಕ್ಷಿ. ೨೦೧೯ರ ಏಪ್ರಿಲ್ ೧೫ರಂದು ಅದರ ಮಾಡು ಬೆಂಕಿಗೆ ಆಹುತಿಯಾಯಿತು. ಆಂಡ್ರ್ಯೂ ಟಾಲನ್ ಎಂಬ ಅಮೇರಿಕಾದ ಅಧ್ಯಾಪಕರು ಅದಕ್ಕೆ ಹಲವು ವರುಷಗಳ ಮುಂಚೆಯೇ ಲೇಸರ್ ಕಿರಣಗಳಿಂದ ಆ ಕಟ್ಟಡವನ್ನು ಅಳೆದಿಟ್ಟಿದ್ದರು. ಬೆಂಕಿಯನ್ನು ನೋಡುವುದಕ್ಕೆ ಅವರು ಉಳಿದಿರಲಿಲ್ಲ, ೨೦೧೮ರಲ್ಲಿಯೇ ತೀರಿಕೊಂಡಿದ್ದರು. ಮರದ ಮಾಡನ್ನು ತೊಲೆ ತೊಲೆಯಾಗಿ ಅಳೆದು ನಕ್ಷೆ ಬರೆದಿದ್ದ ಇಬ್ಬರು ಫ್ರೆಂಚ್ ವಾಸ್ತುಶಿಲ್ಪಿಗಳ ಕೆಲಸವೂ ಉಪಯೋಗಕ್ಕೆ ಬಂತು. ೨೦೨೪ರ ಡಿಸೆಂಬರಿನಲ್ಲಿ ದೇವಾಲಯವು ಪುನಃ ತೆರೆಯಲ್ಪಟ್ಟಿತು.

ದೂರದ ಪ್ಯಾರಿಸಿಗೇ ಹೋಗಬೇಕೆಂದಿಲ್ಲ. ನಮ್ಮ ಕುಂದಾಪುರ ಸೀಮೆಯ ಹರ್ಕೂರಿನ ಮನೆಯು ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಸ್ಥಾಪಿಸಿದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಇಂದು ನಿಂತಿದೆ. ಒಂದು ಕಡೆಯಲ್ಲಿ ಬಿಚ್ಚಿದ ಮನೆಯನ್ನು ಇನ್ನೊಂದು ಕಡೆಯಲ್ಲಿ ಎಬ್ಬಿಸಬೇಕಾದರೆ ಯಾವ ತುಂಡು ಎಲ್ಲಿಯದೆಂಬ ಲೆಕ್ಕವು ಇರಲೇಬೇಕಷ್ಟೇ. ಬೆಂಗಳೂರಿನಲ್ಲಿ ಪಿ. ಎಲ್. ಉದಯಕುಮಾರರೂ ಅವರ ಮಿತ್ರರೂ ಹವ್ಯಾಸವಾಗಿ ತೊಡಗಿದ ಶಾಸನಕಲ್ಲುಗಳ ಹುಡುಕಾಟವು, ೨೦೨೧ರಿಂದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳ ಮೂರು ಆಯಾಮದ ಮಾದರಿಗಳನ್ನು ರಚಿಸುವ ಕಾರ್ಯವಾಗಿ ಬೆಳೆದಿದೆ. ಹವ್ಯಾಸವೆಂದು ಕರೆದ ಮಾತ್ರಕ್ಕೆ ಅದು ಹಗುರವಾದದ್ದೆಂದು ತಿಳಿಯಬಾರದು.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಹುಡುಗಿಯರು ಪರರ ಮನೆಗಳ ಸುತ್ತ ಫೋನು ಹಿಡಿದು ತಿರುಗುವುದು ಯೋಗ್ಯವೋ ಎಂದು ತಾಯಂದಿರು ಕೇಳುವರು. ಒಬ್ಬೊಬ್ಬರಾಗಿ ಹೋಗಕೂಡದು, ಇಬ್ಬರು ಮೂವರು ಸೇರಿ, ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು, ಯಜಮಾನರ ಅಪ್ಪಣೆಯನ್ನು ಕೇಳಿಯೇ ಹೋಗತಕ್ಕದ್ದು. ದೇವಸ್ಥಾನವಾಗಲಿ ಮಸೀದಿಯಾಗಲಿ ಇಗರ್ಜಿಯಾಗಲಿ, ಅಲ್ಲಿಯವರು ಬೇಡವೆಂದ ಸ್ಥಳದಲ್ಲಿ ಫೋನನ್ನು ಎತ್ತಕೂಡದು. ಜನರು ವಾಸಿಸುವ ಮನೆಯ ಒಳಕೋಣೆಗಳ ಮಾದರಿಯನ್ನು ಮನೆಯವರಿಗೆ ಮಾತ್ರ ಕೊಡಬೇಕು, ಲೋಕಕ್ಕೆ ತೋರಿಸಬಾರದು. ಏತಕ್ಕೆಂದರೆ ಬಾಗಿಲೆಲ್ಲಿ ಬೆಲೆಬಾಳುವ ವಸ್ತುವೆಲ್ಲಿ ಎಂದು ಕಳ್ಳನಿಗೂ ನಕ್ಷೆಯಾದೀತು.

ಹಂಚಿಕೊಳ್ಳುವುದರಲ್ಲಿಯೂ ಸತ್ಯವಿರಬೇಕು. ಅಳೆದದ್ದು ಯಾವುದು, ಊಹಿಸಿದ್ದು ಯಾವುದು, ಯಾವ ದಿನ ಅಳೆದದ್ದು, ಯಾರು ಹೇಳಿದ್ದು ಎಂಬುದನ್ನು ಮಾದರಿಯೊಡನೆ ಬರೆಯಬೇಕು. ಬಿದ್ದುಹೋದ ಉಪ್ಪರಿಗೆಯನ್ನು ಅಂದವಾಗಿ ಕಲ್ಪಿಸಿ ಕಟ್ಟಿ ಇದೇ ಹಿಂದೆ ಇದ್ದದ್ದೆಂದು ತೋರಿಸಿದರೆ ಅದು ಸುಳ್ಳುಸಾಕ್ಷಿಯೇ. ಪ್ರತಿಯೊಂದನ್ನು ಒಂದೇ ಅಂಗಡಿಯ ಕೈಯಲ್ಲಿ ಇಡಲೂ ಬಾರದು. ಗೂಗಲ್ ಸಂಸ್ಥೆಯು ೨೦೦೬ರಲ್ಲಿ ಸ್ಕೆಚಪ್ಪನ್ನು ಕೊಂಡು ಉಚಿತವಾಗಿ ಹಂಚಿದಾಗ, ಲೋಕದ ನಾನಾ ಕಡೆಗಳ ಹವ್ಯಾಸಿಗಳು ತಮ್ಮೂರ ಕಟ್ಟಡಗಳನ್ನು ರಚಿಸಿ ಗೂಗಲ್ ಅರ್ತ್ ಭೂಪಟದಲ್ಲಿ ನಿಲ್ಲಿಸಿದರು. ೨೦೧೨ರಲ್ಲಿ ಆ ತಂತ್ರಾಂಶವು ಟ್ರಿಂಬಲ್ ಎಂಬವರಿಗೆ ಮಾರಲ್ಪಟ್ಟಿತು. ೨೦೧೩ರಲ್ಲಿ ಭೂಪಟಕ್ಕೆ ಹವ್ಯಾಸಿಗಳ ಮಾದರಿಗಳನ್ನು ತೆಗೆದುಕೊಳ್ಳುವುದೂ ನಿಂತಿತು. ಆದಕಾರಣ ಮೂಲ ಚಿತ್ರಗಳೂ ಅಳತೆಪುಸ್ತಕವೂ ಮಾದರಿಯೂ ಮನೆಯಲ್ಲೊಂದು ಪ್ರತಿ, ಶಾಲೆಯಲ್ಲೊಂದು ಪ್ರತಿ ಇರತಕ್ಕದ್ದು.

ಕೊನೆಯದಾಗಿ, ಎಲ್ಲಕ್ಕಿಂತ ಭಾರವಾದ ಆಕ್ಷೇಪಕ್ಕೆ ಬರುತ್ತೇವೆ. ಮಾದರಿಯೊಂದಿದ್ದರೆ ಸಾಕು, ಇನ್ನು ಹಳೆಯ ಕಟ್ಟಡವು ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಶಾಲೆಯ ಹಳೆಯ ಹೆಂಚಿನ ಸಾಲನ್ನು ಕೆಡವಿ ಕಾಂಕ್ರೀಟಿನದನ್ನು ಕಟ್ಟಬೇಕೆಂಬ ಸೂಚನೆಯು ಬಂದಿರುವುದನ್ನು ವಾಚಕರು ಬಲ್ಲರು. ಮೊದಲು ಅದರ ಮಾದರಿಯನ್ನು ಮಾಡಿಸಿ ಆಮೇಲೆ ಕೆಡವಿದರೆ ಯಾರಿಗೂ ದುಃಖವಿಲ್ಲವೆಂದು ಹಿತಚಿಂತಕರು ಹೇಳಿದ್ದಾರೆ. ಮಾದರಿಯನ್ನು ಮಾಡಿಸುವುದಕ್ಕೆ ನಾವು ಸಿದ್ಧರು. ಆ ಕಾರಣಕ್ಕೆ ಕೆಡವುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಮಾದರಿಯೊಳಗೆ ಮಳೆಗೆ ನಿಲ್ಲಲು ಜಗಲಿಯಿಲ್ಲ. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟರು ೧೮೬೫ರಲ್ಲಿ ಮಂಗಳೂರಿನಲ್ಲಿ ತೊಡಗಿದ ಹೆಂಚಿನ ಉದ್ಯೋಗವು ಈ ಕರಾವಳಿಯ ಮನೆಮನೆಗೂ ಮಾಡಾಯಿತು. ಅಂಥ ಮಾಡಿನ ಕೆಳಗೆ ಏಪ್ರಿಲಿನಲ್ಲಿ ಪಾಠ ಹೇಳಿದವರಿಗೆ ಅದರ ತಂಪು ಗೊತ್ತು. ಚೆನ್ನಾಗಿ ಅಳೆದರೆ ಯಾವ ಪಕ್ಕಾಸು ಕೊಳೆತಿದೆ, ಯಾವ ಗೋಡೆ ಬಾಗಿದೆ, ರಿಪೇರಿಗೆ ಎಷ್ಟು ಹೆಂಚು ಬೇಕು ಎಂಬುದೂ ತಿಳಿಯುವುದು. ಮಾದರಿಯು ಕಟ್ಟಡದ ಮರಣಪತ್ರವಾಗುವುದಕ್ಕಿಂತ ಅದರ ವೈದ್ಯನಿಗೆ ಉಪಯೋಗವಾಗಲೆಂಬುದು ನಮ್ಮ ಅಭಿಪ್ರಾಯವು. ಎಲ್ಲಾ ಪ್ರಯತ್ನಗಳಾದ ಮೇಲೆಯೂ ಉಳಿಸಲಾಗದ್ದಕ್ಕೆ ಮಾತ್ರ ಅದು ಜ್ಞಾಪಕವಾಗಲಿ.

ಪ್ರವಾದಿಯಾದ ಯೆಹೆಜ್ಕೇಲನು ಸೆರೆವಾಸದ ದೇಶದಲ್ಲಿದ್ದಾಗ, ಊರೂ ದೇವಾಲಯವೂ ಹಾಳಾಗಿ ಹದಿನಾಲ್ಕು ವರುಷಗಳಾದ ಮೇಲೆ, ಅಳತೇಕೋಲನ್ನು ಹಿಡಿದ ಪುರುಷನೊಬ್ಬನು ಗೋಡೆ, ಬಾಗಿಲು, ಮೆಟ್ಟಲುಗಳನ್ನು ಒಂದೊಂದಾಗಿ ಅಳೆಯುವ ದರ್ಶನವನ್ನು ಕಂಡನು; ಅದೆಲ್ಲವನ್ನೂ ಜನರ ಕಣ್ಣೆದುರಿಗೆ ಬರೆದಿಡಬೇಕೆಂಬ ಅಪ್ಪಣೆಯೂ ಅವನಿಗಾಯಿತು. ಆ ಅಳತೆಗಳು ಸೆರೆಯಲ್ಲಿದ್ದವರಿಗೆ ಮನೆಯ ಆಸೆಯನ್ನು ಕೊಟ್ಟವು. ಊರು ಬಿಟ್ಟುಹೋದ ನಮ್ಮ ಹಳೆವಿದ್ಯಾರ್ಥಿನಿಯರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಆದ್ದರಿಂದ ಹಳೆವಿದ್ಯಾರ್ಥಿನಿಯರಲ್ಲಿ ನಮ್ಮ ವಿನಂತಿ ಏನೆಂದರೆ, ಮುಂದಿನ ರಜೆಯಲ್ಲಿ ತವರಿಗೆ ಬಂದಾಗ ನಿಮ್ಮ ಮನೆಯನ್ನೋ ನೆರೆಯ ಒಂದು ಕಟ್ಟಡವನ್ನೋ ಮಗಳ ಜತೆಯಲ್ಲಿ ಅಳೆಯಿರಿ, ಹಿರಿಯರನ್ನು ಕೇಳಿ ಹೆಸರುಗಳನ್ನು ಬರೆಯಿರಿ, ಒಂದು ಪ್ರತಿಯನ್ನು ಶಾಲೆಗೆ ಕಳುಹಿಸಿರಿ. ತಾಯಿತಂದೆಗಳೇ, ಮಗಳು ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಕರೆದರೆ ಬೇಸರಿಸದೆ ಹಿಡಿಯಿರಿ. ಶಾಲೆಯ ಹಳೆಯ ಸಾಲಿನ ಅಳತೆಯನ್ನು ಈ ಮಳೆಗಾಲ ಮುಗಿದ ಕೂಡಲೆ ಒಂಬತ್ತನೆಯ ತರಗತಿಯವರಿಂದ ಪ್ರಾರಂಭಿಸುವೆವು. ಅದರ ಮಾಡಿನ ರಿಪೇರಿಗೆ ಸಹಾಯಮಾಡಲು ಇಷ್ಟವುಳ್ಳವರು ಶಾಲೆಗೆ ತಿಳಿಸಬೇಕಾಗಿ ಪ್ರಾರ್ಥಿಸುತ್ತೇವೆ. ಕರ್ತನು ನಮ್ಮ ಕೈಕೆಲಸವನ್ನು ಸ್ಥಿರಪಡಿಸಲಿ.